ಮುಖಾಮುಖಿಯಿಂದ ಒಟ್ಟು ಲೆಕ್ಕಕ್ಕೆ: ಒಂದು ಗಾಲ್ಫ್ ಪಂದ್ಯಾವಳಿಯ ಪಾಠ

ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರರ ಸಂಘವಾದ ಪಿ.ಜಿ.ಎ.ಯ ಚಾಂಪಿಯನ್‌ಷಿಪ್‌ಗೆ ಬೆಂಬಲವಾಗಿ ನಿಂತವರು ಒಬ್ಬ ವರ್ತಕರು. ಬೃಹತ್ ಮಳಿಗೆಗಳ ಒಡೆಯರಾದ ರಾಡ್‌ಮನ್ ವಾನಮೇಕರ್ 1916ರಲ್ಲಿ ಬಹುಮಾನದ ಹಣವನ್ನೂ ಪಾರಿತೋಷಕವನ್ನೂ ಒದಗಿಸಿದರು. ಕ್ಲಬ್‌ಗಳಲ್ಲಿ ಆಟ ಕಲಿಸುತ್ತ, ಸಲಕರಣೆಗಳನ್ನು ಮಾರುತ್ತ ಜೀವನ ಸಾಗಿಸುತ್ತಿದ್ದ ಆಟಗಾರರಿಗೆ ಇದು ತಮ್ಮದೇ ಪಂದ್ಯಾವಳಿಯಾಯಿತು.

1957ರವರೆಗೆ ಅದು ‘ಮ್ಯಾಚ್ ಪ್ಲೇ’ ಕ್ರಮದಲ್ಲಿ ನಡೆಯಿತು. ಇಬ್ಬರು ಎದುರುಬದುರಾಗಿ ಆಡುವರು. ಹೆಚ್ಚು ಕುಳಿಗಳನ್ನು ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಒಂದು ಕುಳಿಯಲ್ಲಿ ಎಷ್ಟೇ ಹೊಡೆತಗಳು ವ್ಯರ್ಥವಾದರೂ ನಷ್ಟ ಆ ಕುಳಿಗಷ್ಟೇ ಸೀಮಿತ. ‘ಸ್ಟ್ರೋಕ್ ಪ್ಲೇ’ಯಲ್ಲಾದರೋ ಪ್ರತಿ ಹೊಡೆತವೂ ಖಾತೆಗೆ ಸೇರಿ ಕೊನೆಯವರೆಗೂ ಉಳಿಯುತ್ತದೆ.

ಮೊದಲ ಕ್ರಮ ಆಟಗಾರರಿಗೆ ರೋಚಕವಾಗಿದ್ದರೂ ಪ್ರೇಕ್ಷಕರಿಗೆ ಅನಿಶ್ಚಿತವಾಗಿತ್ತು. ಹೆಸರಾಂತರು ಮೊದಲ ಸುತ್ತಿನಲ್ಲೇ ಹೊರಬೀಳಬಹುದಾಗಿತ್ತು. ಅಂತಿಮ ದಿನ ಮೈದಾನದಲ್ಲಿ ಕಾಣಸಿಗುತ್ತಿದ್ದವರು ಇಬ್ಬರೇ. ಆಟ ಯಾವ ಗಳಿಗೆಯಲ್ಲಿ ಮುಗಿದೀತೆಂದು ಹೇಳುವಂತಿರಲಿಲ್ಲ. 1951ರಲ್ಲಿ ಓಕ್‌ಮಾಂಟ್‌ನಲ್ಲಿ 36 ಕುಳಿಗಳ ಅಂತಿಮ ಪಂದ್ಯವನ್ನು ಸ್ಯಾಮ್ ಸ್ನೀಡ್ ಆರು ಕುಳಿಗಳು ಬಾಕಿ ಇರುವಾಗಲೇ ಗೆದ್ದರು. ದಿನಕ್ಕೆ 36 ಕುಳಿಗಳಂತೆ ಹಲವು ದಿನ ನಡೆಯುವ ಶ್ರಮವೂ ಅಪಾರ. 1946 ಮತ್ತು 1948ರ ವಿಜೇತ ಬೆನ್ ಹೋಗನ್, 1949ರ ಅಪಘಾತದ ನಂತರ ಈ ಕ್ರಮದ ಪಂದ್ಯಾವಳಿಗೆ ಮರಳಲಿಲ್ಲ. 1953ರಲ್ಲಿ ಅವರು ಇತರ ಮೂರು ಪ್ರಮುಖ ಪ್ರಶಸ್ತಿಗಳನ್ನು ಗೆದ್ದಾಗಲೂ ಪಿ.ಜಿ.ಎ. ಪಂದ್ಯಾವಳಿಯಲ್ಲಿರಲಿಲ್ಲ.

ಅಷ್ಟರಲ್ಲಿ ದೂರದರ್ಶನವೆಂಬ ಹೊಸ ಗ್ರಾಹಕ ಬಾಗಿಲಿಗೆ ಬಂದಿತ್ತು. ಅದಕ್ಕೆ ಬೇಕಾದುದು ಕೊನೆಯ ದಿನದವರೆಗೂ ಪ್ರಸಿದ್ಧರ ಉಪಸ್ಥಿತಿ ಮತ್ತು ನಿಗದಿತ ವೇಳೆ. 1957ರಲ್ಲಿ ಓಹಾಯೊದ ಡೇಟನ್‌ನಲ್ಲಿ ಲಯನೆಲ್ ಹೆಬರ್ಟ್, ಡೌ ಫಿನ್‌ಸ್ಟರ್‌ವಾಲ್ಡ್‌ರನ್ನು ಮಣಿಸಿ ಹಳೆಯ ಕ್ರಮದ ಕೊನೆಯ ವಿಜೇತರಾದರು. ಹೆಬರ್ಟ್‌ರಿಗೆ ಅದು ವೃತ್ತಿಪರ ಪ್ರವಾಸಿ ಸ್ಪರ್ಧೆಗಳಲ್ಲಿ ಮೊದಲ ಜಯ. 1958ರಿಂದ ಸ್ಟ್ರೋಕ್ ಪ್ಲೇ ಜಾರಿಗೆ ಬಂದಿತು. ಆ ವರ್ಷ ಪೆನ್ಸಿಲ್ವೇನಿಯಾದ ಲಾನರ್ಕ್‌ನಲ್ಲಿ ಒಟ್ಟು 276 ಹೊಡೆತಗಳಲ್ಲಿ ಆಟ ಮುಗಿಸಿ ಗೆದ್ದವರು ಹಿಂದಿನ ವರ್ಷ ಸೋತಿದ್ದ ಫಿನ್‌ಸ್ಟರ್‌ವಾಲ್ಡ್ ಅವರೇ.

ಈ ಬದಲಾವಣೆ ಬಿಟ್ಟಿಯಾಗಿ ಬರಲಿಲ್ಲ. ಅಷ್ಟಾಗಿ ಹೆಸರಿಲ್ಲದ ಆಟಗಾರನೊಬ್ಬ ಒಂದೇ ಬೆಳಗಿನಲ್ಲಿ ಘಟಾನುಘಟಿಯನ್ನು ಎದುರಿಗೆ ನಿಂತು ಸೋಲಿಸಿ ಮನೆಗೆ ಕಳುಹಿಸುವ ಅವಕಾಶ ಅಲ್ಲಿಗೆ ಮುಗಿಯಿತು. ಆದರೆ ಪಂದ್ಯಾವಳಿ ಉಳಿಯಿತು, ಬೆಳೆಯಿತು. ಸರಕಿನ ಸ್ವರೂಪವನ್ನು ಬದಲಿಸುವ ಮುನ್ನ ಗ್ರಾಹಕನಿಗೆ ಸಲ್ಲುವ ಲಾಭದೊಡನೆ, ಅದರಿಂದ ಕೈಬಿಡುವುದೇನು, ಯಾರಿಗೆ ಎಂಬುದನ್ನೂ ಲೆಕ್ಕ ಹಾಕುವುದು ಉದ್ಯಮಿಯ ಕರ್ತವ್ಯ.