ಕೊರಳ ಬಿಲ್ಲೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ



ಈಚಿನ ವರ್ಷಗಳಲ್ಲಿ ದೊಡ್ಡ ಊರುಗಳ ಸಮ್ಮೇಳನ ಮತ್ತು ವ್ಯಾಪಾರ ಮೇಳಗಳಿಗೆ ಹೋಗಿಬಂದ ನಮ್ಮ ಬೆಳೆಗಾರರು ಒಂದು ವಿಷಯವನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೊರಳಿಗೆ ಹಾಕಿಕೊಟ್ಟ ಬಿಲ್ಲೆಯನ್ನು ಬಾಗಿಲಿನ ಯಂತ್ರದ ಹತ್ತಿರ ಹಿಡಿದರೆ ಸದ್ದಾಗಿ ಒಳಗೆ ಬಿಡುತ್ತಾರೆ. ಮಳಿಗೆಯವರು ಅದೇ ಬಿಲ್ಲೆಗೆ ಫೋನು ತಾಗಿಸಿದರೆ ನಮ್ಮ ಹೆಸರು, ಫೋನ್ ನಂಬರು ಅವರ ಪಾಲಾಗುತ್ತದೆ. ಇದು ನಡೆಯುವುದು ಹೇಗೆ? ಇದರಿಂದ ನಮಗೆ ಅನುಕೂಲವೋ, ತೊಂದರೆಯೋ? ಸಂಘದ ಮಹಾಸಭೆಗೂ ಇದನ್ನೇ ತರಬಾರದೇಕೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಸಣ್ಣ ಬೆಳೆಗಾರರಿಗೆ ಇದರ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಾಗ ಬೆಳೆದುದನ್ನು ಪೂಲಿಗೆ ಒಪ್ಪಿಸಿದರೆ ನಮ್ಮ ಕೆಲಸ ಮುಗಿಯುತ್ತಿತ್ತು; ಕೊಳ್ಳುವವನ ಮುಖ ನೋಡುವ ಅಗತ್ಯವಿರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡ ಆ ಪದ್ಧತಿ 1996ರಲ್ಲಿ ಪೂರ್ತಿಯಾಗಿ ನಿಂತಿತು. ಅಂದಿನಿಂದ ಕೊಳ್ಳುವವರನ್ನು ಹುಡುಕಿಕೊಳ್ಳುವ ಹೊಣೆ ನಮ್ಮದೇ. 2023ರ ಸೆಪ್ಟೆಂಬರ್ 25ರಿಂದ 28ರವರೆಗೆ ಬೆಂಗಳೂರು ಅರಮನೆಯಲ್ಲಿ ಐದನೆಯ ವಿಶ್ವ ಕಾಫಿ ಸಮ್ಮೇಳನ ನಡೆಯಿತು. ಇಂಗ್ಲೆಂಡ್, ಬ್ರೆಜಿಲ್, ಗ್ವಾಟೆಮಾಲ, ಇಥಿಯೋಪಿಯಗಳಲ್ಲಿ ನಡೆದ ಆ ಸಮ್ಮೇಳನ ಏಷ್ಯಾಕ್ಕೆ ಬಂದದ್ದು ಅದೇ ಮೊದಲು. ಅಂತಹ ಕಡೆ ಕೊಳ್ಳುವವನು ನಮ್ಮೆದುರು ನಿಲ್ಲುವುದು ಹೆಚ್ಚೆಂದರೆ ಐದು ನಿಮಿಷ. ಆ ಪರಿಚಯ ಊರಿಗೆ ಬಂದ ಮೇಲೂ ಉಳಿಯಬೇಕಾದರೆ ಅಲ್ಲಿನ ಸಾಧನಗಳನ್ನು ತಿಳಿದಿರುವುದು ಒಳ್ಳೆಯದು.

ಬಿಲ್ಲೆಯೊಳಗೆ ಏನಿದೆ?

ಬಿಲ್ಲೆಯ ಪದರದ ನಡುವೆ ತೆಳುವಾದ ತಂತಿಯ ಸುರುಳಿ, ಅದಕ್ಕೆ ಅಂಟಿದ ಎಳ್ಳುಕಾಳಿನಷ್ಟು ಚಿಪ್ಪು. ಬ್ಯಾಟರಿ ಇಲ್ಲ. ಓದುವ ಯಂತ್ರವು ತನ್ನ ಸುತ್ತ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಬಿಲ್ಲೆ ಆ ಕ್ಷೇತ್ರದೊಳಗೆ ಬಂದಾಗ ಸುರುಳಿಯಲ್ಲಿ ಅಲ್ಪ ವಿದ್ಯುತ್ತು ಹುಟ್ಟಿ, ಚಿಪ್ಪು ಎಚ್ಚೆತ್ತು ತನ್ನ ಸಂಖ್ಯೆಯನ್ನು ಹೇಳುತ್ತದೆ. ದೂರ ಸರಿಸಿದೊಡನೆ ಮತ್ತೆ ನಿದ್ರೆ. ಇದು 13.56 ಮೆಗಾಹರ್ಟ್ಸ್ ಕಂಪನಾಂಕದಲ್ಲಿ, ಕೆಲವೇ ಸೆಂಟಿಮೀಟರ್ ಅಂತರದಲ್ಲಿ ನಡೆಯುವ ವ್ಯವಹಾರ. ಫೋನುಗಳಲ್ಲಿ ಇದೇ ಸೌಲಭ್ಯಕ್ಕೆ ಎನ್‌ಎಫ್‌ಸಿ ಎಂದು ಹೆಸರು. 2011ರಲ್ಲಿ ಆರಂಭವಾದ ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಕಾರ್ಡು ತಾಗಿಸಿ ಒಳಗೆ ಹೋದವರೆಲ್ಲರೂ ಈ ವಿಧಾನವನ್ನು ಬಳಸಿದವರೇ.

ಎರಡನೆಯ ಬಗೆಯದು ದೂರದಿಂದ ಓದುವಂಥದು. ನಮ್ಮ ಜೀಪು, ಕಾರುಗಳ ಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್ ಈ ಜಾತಿಯದು. ಇದು 865ರಿಂದ 867 ಮೆಗಾಹರ್ಟ್ಸ್ ರೇಡಿಯೋ ಅಲೆಗಳಿಂದ ಕೆಲಸ ಮಾಡುತ್ತದೆ. ಹಲವು ಮೀಟರ್ ದೂರದಿಂದಲೇ ಓದಬಹುದು. ಸಮ್ಮೇಳನದ ಬಿಲ್ಲೆ ಈ ಬಗೆಯದಾದರೆ ನೀವು ತಾಗಿಸದಿದ್ದರೂ, ಬಾಗಿಲು ದಾಟಿದಾಗಲೇ ಲೆಕ್ಕಕ್ಕೆ ಸೇರುತ್ತೀರಿ. ಮೂರನೆಯ ಬಗೆಯಲ್ಲಿ ಸಣ್ಣ ಬ್ಯಾಟರಿಯೂ ಬ್ಲೂಟೂತ್ ಸಂಜ್ಞೆಯೂ ಇರುತ್ತವೆ. ಯಾವ ಮಳಿಗೆಯ ಮುಂದೆ ಎಷ್ಟು ಹೊತ್ತು ನಿಂತಿರೆಂಬ ಅಂದಾಜೂ ಅದರಿಂದ ಸಿಗುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಬಿಲ್ಲೆಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆ ಯಾರದು, ಅವರ ಊರು ಯಾವುದು, ಫೋನ್ ನಂಬರು ಏನು ಎಂಬ ಪಟ್ಟಿ ಸಂಘಟಕರ ಬಳಿ ಇರುತ್ತದೆ. ಆದುದರಿಂದ ನಮ್ಮ ವಿವರ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದು ಚಿಪ್ಪಿಗಿಂತ ಹೆಚ್ಚಾಗಿ ಆ ಪಟ್ಟಿಯ ಯಜಮಾನನನ್ನು ಅವಲಂಬಿಸಿದೆ.

ನಮಗೆ ಆಗುವ ಅನುಕೂಲ

ಇದೇ ಚಿಪ್ಪನ್ನು ವಿಸಿಟಿಂಗ್ ಕಾರ್ಡಿಗೋ ಸ್ಯಾಂಪಲ್ ಪೊಟ್ಟಣಕ್ಕೋ ಅಂಟಿಸಿ, ಕೊಳ್ಳುವವನ ಫೋನಿನಲ್ಲಿ ನಮ್ಮ ತೋಟದ ಪುಟ ತೆರೆಯುವಂತೆ ಮಾಡಬಹುದು. ಸಾಮಾನ್ಯವಾಗಿ ಸಿಗುವ ಎನ್‌ಟ್ಯಾಗ್ 213 ಎಂಬ ಚಿಪ್ಪಿನಲ್ಲಿ ಬರೆಯಲು ಇರುವ ಜಾಗ 144 ಬೈಟ್. ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಗುಣಿತದ ಚಿಹ್ನೆಗೆ ಮೂರು ಮೂರು ಬೈಟ್ ಬೇಕಾಗುವುದರಿಂದ ಅದರಲ್ಲಿ ಎರಡು ಸಾಲು ಕನ್ನಡ ಹಿಡಿಯುವುದೂ ಕಷ್ಟ. ಆದುದರಿಂದ ಚಿಪ್ಪಿನಲ್ಲಿ ಜಾಲತಾಣದ ವಿಳಾಸವನ್ನಷ್ಟೇ ಇಟ್ಟು, ವಿವರಗಳನ್ನು ಆ ಪುಟದಲ್ಲಿ ಬರೆಯಬೇಕು: ಅರೇಬಿಕವೋ ರೋಬಸ್ಟವೋ, ಪಾರ್ಚ್‌ಮೆಂಟೋ ಚೆರ್ರಿಯೋ, ತೋಟದ ಎತ್ತರ, ಕುಯ್ಲಿನ ವರ್ಷ, ಇರುವ ಮೂಟೆಗಳ ಸಂಖ್ಯೆ. ಅಡಿಕೆಯವರು ಚಾಲಿಯೋ ಕೆಂಪಡಿಕೆಯೋ ಎಂದು ಬರೆಯಬಹುದು.

ಮೂರು ಎಚ್ಚರಿಕೆಗಳು. ಬರೆದ ಮೇಲೆ ಚಿಪ್ಪಿಗೆ ಬೀಗ ಹಾಕಿಸಬೇಕು, ಇಲ್ಲವಾದರೆ ಯಾರು ಬೇಕಾದರೂ ತಮ್ಮ ಫೋನಿನಿಂದ ಅದನ್ನು ತಿದ್ದಬಹುದು. ಜಾಲತಾಣಕ್ಕೆ ವಾರ್ಷಿಕ ಶುಲ್ಕವಿದ್ದು ಕಟ್ಟದೆ ಬಿಟ್ಟರೆ ಹಂಚಿದ ಕಾರ್ಡುಗಳೆಲ್ಲ ಖಾಲಿ ಪುಟವನ್ನು ತೋರಿಸುತ್ತವೆ. ಕಡಿಮೆ ಬೆಲೆಯ ಅನೇಕ ಫೋನುಗಳಲ್ಲಿ ಈ ಸೌಲಭ್ಯವೇ ಇಲ್ಲದಿರುವುದರಿಂದ ಪಕ್ಕದಲ್ಲಿ ಕ್ಯೂಆರ್ ಚಿತ್ರವನ್ನೂ, ಅಚ್ಚಾದ ಫೋನ್ ನಂಬರನ್ನೂ ಇಡಬೇಕು. ಖರ್ಚು ಬೇಡವೆನ್ನುವವರಿಗೆ ಕ್ಯೂಆರ್ ಒಂದೇ ಸಾಕು.

ತಾಗಿಸುವ ಮೊದಲು

ಒಂದು ಮೇಳದಲ್ಲಿ ಉಚಿತ ಲೋಟ ಸಿಗುತ್ತದೆಂದು ನಾನೇ ಒಂದು ಮಳಿಗೆಯಲ್ಲಿ ಬಿಲ್ಲೆ ತಾಗಿಸಿದೆ. ಕಾಫಿಯ ವಿಚಾರವಾಗಿ ಒಂದು ಕರೆಯೂ ಬರಲಿಲ್ಲ. ಸಾಲ, ವಿಮೆ, ನಿವೇಶನಗಳ ಕರೆಗಳು ಮಾತ್ರ ಎರಡು ತಿಂಗಳು ಬಂದವು. ಆ ಲೋಟದ ಬೆಲೆ ಎಷ್ಟೆಂದು ಆಮೇಲೆ ತಿಳಿಯಿತು.

ಹೆಸರು ನೋಂದಾಯಿಸುವಾಗಲೇ ಕೇಳಬೇಕಾದ ಮಾತು ಮೂರು: ಬಿಲ್ಲೆ ಹತ್ತಿರದಿಂದ ಓದುವುದೋ, ದೂರದಿಂದಲೋ? ನಮ್ಮ ವಿವರವನ್ನು ಯಾರಿಗೆಲ್ಲ ಕೊಡುತ್ತೀರಿ? ಬೇಡವೆಂದರೆ ಪಟ್ಟಿಯಿಂದ ತೆಗೆಯುತ್ತೀರಾ? ಇವು ಅಧಿಕಪ್ರಸಂಗದ ಪ್ರಶ್ನೆಗಳಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಒಪ್ಪಿಗೆ ಪಡೆಯುವುದನ್ನೂ, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕನ್ನೂ ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರಚಿತವಾಗಿವೆ.

ಬಿಲ್ಲೆಯ ಚೀಲದಲ್ಲಿ ಬ್ಯಾಂಕ್ ಕಾರ್ಡು ಇಡಬೇಡಿ. ಅಲೆಯ ಗುರುತಿರುವ ಕಾರ್ಡೂ ಇದೇ ವಿಧಾನದ್ದು. 2021ರ ಜನವರಿ 1ರಿಂದ 5,000 ರೂಪಾಯಿಯವರೆಗೆ ಪಿನ್ ಇಲ್ಲದೆಯೇ ಹಣ ಪಾವತಿಸಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿದೆ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಯಾವ ಕಾರಣಕ್ಕೂ ಚಿಪ್ಪಿಗೆ ಬರೆಸಬೇಡಿ.

ನಮ್ಮ ಮಹಾಸಭೆಗೆ ಬೇಕೇ?

ಈಗ ಮೂರನೆಯ ಪ್ರಶ್ನೆ. ಹಾಜರಿ ಪುಸ್ತಕದ ಮುಂದೆ ಸಾಲು ನಿಲ್ಲುವುದು ತಪ್ಪುತ್ತದೆ, ಬಿಲ್ಲೆ ತರೋಣ ಎಂದು ನಮ್ಮ ಯುವ ಸದಸ್ಯರು ಸೂಚಿಸಿದ್ದಾರೆ. ಅವರ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಬಿಲ್ಲೆ ಬಂದಿತೆಂದು ಯಂತ್ರ ಹೇಳುತ್ತದೆಯೇ ಹೊರತು ಸದಸ್ಯ ಬಂದನೆಂದು ಹೇಳುವುದಿಲ್ಲ. ಒಬ್ಬರೇ ಐದು ಮನೆಯ ಬಿಲ್ಲೆಗಳನ್ನು ಜೇಬಿನಲ್ಲಿ ತಂದು ತಾಗಿಸಿದರೆ ಐವರ ಹಾಜರಿ ಬೀಳುತ್ತದೆ. ವ್ಯಾಪಾರ ಮೇಳದಲ್ಲಿ ಇದರಿಂದ ನಷ್ಟವಿಲ್ಲ. ಸಹಕಾರ ಸಂಘದಲ್ಲಿ ಹಾಗಲ್ಲ. ಕೋರಂ ಆಯಿತೋ ಇಲ್ಲವೋ ಎಂಬುದು ಆ ಪುಸ್ತಕದಿಂದ ತೀರ್ಮಾನವಾಗುತ್ತದೆ, ಮಹಾಸಭೆಯ ಹಾಜರಿಯನ್ನೂ ಮತದಾನದ ಅರ್ಹತೆಯನ್ನೂ ಕುರಿತ ತಕರಾರುಗಳು ನ್ಯಾಯಾಲಯದವರೆಗೆ ಹೋಗಿವೆ. ನಮ್ಮಲ್ಲಿ ಹತ್ತು ಎಕರೆಯವರಿಗೂ ಒಂದು ಎಕರೆಯವರಿಗೂ ಒಂದೇ ಮತ. ಸಣ್ಣವರ ಕೈಯಲ್ಲಿರುವ ಬಲವೇ ಅದು. ಅದನ್ನು ಬೇರೆಯವರ ಜೇಬಿಗೆ ಹಾಕಲಾಗದು.

ಇನ್ನೊಂದು ಮಾತು. ಜಾವಳಿಯ ಮಳೆಯಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಯಾವಾಗ ಹೋಗುತ್ತವೆಂದು ಹೇಳಲಾಗದು. ಪುಸ್ತಕಕ್ಕೆ ಆ ಭಯವಿಲ್ಲ.

ನನ್ನ ಸಲಹೆ ಇಷ್ಟೇ. ಸದಸ್ಯ ಸಂಖ್ಯೆಯ ಮುಂದೆ ಸ್ವಂತ ಸಹಿ ಮಾಡುವ ಪದ್ಧತಿ ಮುಂದುವರಿಯಲಿ. ಸಾಲು ಉದ್ದವಾಗುವುದೆಂದರೆ ಒಂದು ಪುಸ್ತಕದ ಬದಲು ಮೂರು ಪುಸ್ತಕ ಇಡೋಣ. ಬಿಲ್ಲೆಯ ವಿದ್ಯೆಯನ್ನು ಹೊರಗಿನ ಮೇಳಗಳಿಗೆ ಬಳಸೋಣ. ಮುಂದೆ ಸಮ್ಮೇಳನಕ್ಕೆ ಹೋಗುವವರು ಕೆಲವರಾದರೂ ಒಟ್ಟಾಗಿ, ಸಂಘದ ಹೆಸರಿನಲ್ಲಿ ಒಂದೇ ಪುಟ ಮಾಡಿಸಿದರೆ ಖರ್ಚೂ ಹಂಚಿಹೋಗುತ್ತದೆ, ಕೊಳ್ಳುವವನಿಗೂ ಹತ್ತು ಮೂಟೆಯ ಬದಲು ನೂರು ಮೂಟೆ ಕಾಣುತ್ತದೆ. ಆಸಕ್ತಿಯುಳ್ಳವರು ಸಂಘದ ಕಚೇರಿಯಲ್ಲಿ ಹೆಸರು ಕೊಡಬಹುದು.

ಕೊನೆಯದಾಗಿ, ಸಮ್ಮೇಳನದಿಂದ ಬಂದ ವಾರದೊಳಗೆ ಪರಿಚಯವಾದವರಿಗೆ ನಾವೇ ಫೋನು ಮಾಡಿ ಸ್ಯಾಂಪಲ್ ಕಳಿಸಬೇಕು. ಆ ಕೆಲಸವನ್ನು ಯಾವ ಬಿಲ್ಲೆಯೂ ನಮ್ಮ ಪರವಾಗಿ ಮಾಡುವುದಿಲ್ಲ.

— ಕಾರ್ಯದರ್ಶಿ