ರಾಸು ಹತ್ತಿಸಲು ಪಿಕಪ್ ವಾಹನದ ಚಾಸಿ ಕತ್ತರಿಸಬೇಡಿ



ಕ್ಯಾನು, ಹಿಂಡಿ ಮೂಟೆ, ಹಸಿರು ಮೇವು ಸಾಗಿಸುವ ಪಿಕಪ್ ವಾಹನದಲ್ಲಿಯೇ ನಾವು ರಾಸುಗಳನ್ನೂ ಚಿಕಿತ್ಸೆಗೆ, ಸಂತೆಗೆ ಒಯ್ಯುತ್ತೇವೆ. ಇದರ ತಳ ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರಕ್ಕೆ ಹಸುವನ್ನು ಎಳೆದು ಹತ್ತಿಸುವಾಗ ಅಥವಾ ಕೆಳಕ್ಕೆ ಧುಮುಕಿಸುವಾಗ ಹಿಂಗಾಲು ಅಗಲಿ ಬೀಳುವುದುಂಟು. ತೊಡೆಯ ಸ್ನಾಯು ಹರಿದರೆ ಅಥವಾ ಮೂಳೆ ಮುರಿದರೆ ಹಸು ಮತ್ತೆ ಎದ್ದು ನಿಲ್ಲುವುದೇ ಕಷ್ಟ. ಹಾಗಾದರೆ ವೆಲ್ಡಿಂಗ್ ಅಂಗಡಿಯಲ್ಲಿ ವಾಹನವನ್ನೇ ತಗ್ಗಿಸಬಹುದಲ್ಲವೇ ಎಂದು ನೀವು ಕೇಳಬಹುದು. ಅದು ಬೇಡ.

ಏಕೆ ಬೇಡ?

ಪಿಕಪ್ ವಾಹನದ ಭಾರವೆಲ್ಲ ಚಾಸಿಯ ಎರಡು ಉದ್ದನೆಯ ಉಕ್ಕಿನ ತೊಲೆಗಳ ಮೇಲಿರುತ್ತದೆ. ಚಕ್ರ ಗುಂಡಿಗೆ ಬಿದ್ದು ಎದ್ದಾಗ ಸ್ಪ್ರಿಂಗ್ ಪ್ಲೇಟುಗಳು ಮಣಿದು, ಹಿಂದಿನ ಆಕ್ಸಲ್ ತೊಲೆಯ ಸಮೀಪಕ್ಕೆ ಬರುತ್ತದೆ. ಅದಕ್ಕೆ ನಡುವೆ ಜಾಗ ಬೇಕು. ವಾಹನ ತಗ್ಗಿಸಿದರೆ ಆ ಜಾಗ ಕಡಿಮೆಯಾಗಿ ಆಕ್ಸಲ್ ತೊಲೆಗೇ ಬಡಿಯುತ್ತದೆ. ಇದನ್ನು ತಪ್ಪಿಸಲು ತೊಲೆಯನ್ನು ಆ ಜಾಗದಲ್ಲಿ ಕಮಾನಿನಂತೆ ಕತ್ತರಿಸಿ, ಸುತ್ತ ಉಕ್ಕಿನ ಪಟ್ಟಿ ಬೆಸೆಯುತ್ತಾರೆ. ಅಮೆರಿಕದಲ್ಲಿ ಶೋಕಿಗಾಗಿ ಪಿಕಪ್ ತಗ್ಗಿಸುವವರ ಪದ್ಧತಿ ಇದು. ನಮ್ಮದು ಹೊರೆ ಹೊರುವ ವಾಹನ. 40 ಲೀಟರಿನ 20 ಕ್ಯಾನುಗಳಲ್ಲಿ ಹಾಲೊಂದೇ 820 ಕಿಲೋ ದಾಟುತ್ತದೆ. ಬೆಸುಗೆ ಸರಿಯಿಲ್ಲದಿದ್ದರೆ ಚಾಸಿ ಅಲ್ಲಿಯೇ ಬಿರುಕು ಬಿಡುತ್ತದೆ.

ಅಲ್ಲದೆ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಅಪಘಾತವಾದರೆ ವಿಮೆಗೂ ತಕರಾರು ಬರಬಹುದು.

ಏನು ಮಾಡಬೇಕು?

1. ವಾಹನದ ತಳದ ಎತ್ತರಕ್ಕೆ ಗಟ್ಟಿ ಮಣ್ಣಿನ ದಿಬ್ಬ ಮಾಡಿ, ವಾಹನವನ್ನು ಹಿಮ್ಮುಖವಾಗಿ ಅದಕ್ಕೆ ತಾಗಿಸಿ ನಿಲ್ಲಿಸಿರಿ. ಊರಿಗೊಂದು ದಿಬ್ಬವಿದ್ದರೂ ಸಾಕು.

2. ದಿಬ್ಬವಿಲ್ಲದ ಕಡೆ ಕನಿಷ್ಠ 8 ಅಡಿ ಉದ್ದದ ದಪ್ಪ ಹಲಗೆ ಬಳಸಿರಿ. ಗೊರಸು ಜಾರದಂತೆ ಅದಕ್ಕೆ ಅಡ್ಡಪಟ್ಟಿ ಹೊಡೆಯಿರಿ. ಹಲಗೆ ಗಿಡ್ಡವಾದಷ್ಟೂ ಏರು ಕಡಿದಾಗುತ್ತದೆ.

3. ವಾಹನದ ತಳಕ್ಕೆ ತೆಂಗಿನ ನಾರಿನ ಚಾಪೆ ಅಥವಾ ಮರದ ಹಲಗೆ ಹಾಸಿ, ಮೇಲೆ ಹುಲ್ಲು ಹರಡಿರಿ.

4. ನಿಯಮದಂತೆ ಪ್ರತಿ ಹಸು ಅಥವಾ ಎಮ್ಮೆಗೆ 2 ಚದರ ಮೀಟರ್ ಜಾಗ ಬೇಕು. ಮುಖ ಎಂಜಿನ್ ಕಡೆಗಿರಲಿ, ಜೊತೆಗೊಬ್ಬರು ಇರಲಿ. ಹೊರಡುವ ಮುನ್ನ ಪಶುವೈದ್ಯರ ಪ್ರಮಾಣಪತ್ರ ಪಡೆಯಿರಿ.

5. ತುಂಬು ಗಬ್ಬದ ರಾಸನ್ನು ಸಾಗಿಸುವ ಬದಲು ಸಾಧ್ಯವಾದಷ್ಟೂ ವೈದ್ಯರನ್ನೇ ಕೊಟ್ಟಿಗೆಗೆ ಕರೆಯಿಸಿರಿ.

ವಾಹನವನ್ನು ತಗ್ಗಿಸಬೇಡಿ, ನೆಲವನ್ನು ಏರಿಸಿರಿ. ನಾಲ್ಕು ಗಾಡಿ ಮಣ್ಣಿನಲ್ಲಿ ಒಂದು ಹಸುವಿನ ಕಾಲು ಉಳಿಯುತ್ತದೆ.