ಹೊಂಡಕ್ಕೆ ಇಳಿಬಿಟ್ಟ ಗೋಣಿತಟ್ಟು

ಮಿರಗದ ಮಳೆ ಕೂಡಿ ಮೂರು ದಿನ. ನಿಡೋಣಿಯ ಎರಿ ಹೊಲದ ಬಿರುಕುಗಳು ಇನ್ನೂ ಪೂರ್ತಿ ಮುಚ್ಚಿಲ್ಲ. ರಾತ್ರಿಯಿಡೀ ಮಾತ್ರ ಕಪ್ಪೆಗಳ ವಟಗುಟ್ಟುವಿಕೆ.

ಬೆಳಿಗ್ಗೆ ದ್ರಾಕ್ಷಿ ತೋಟದ ಕೃಷಿ ಹೊಂಡದಲ್ಲಿ ಒಂದು ದೊಡ್ಡ ಕಪ್ಪೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ಗೇಣು ಹತ್ತುತ್ತದೆ, ಜಾರಿ ನೀರಿಗೆ ಬೀಳುತ್ತದೆ. ಮತ್ತೆ ಹತ್ತುತ್ತದೆ. ಮೂತಿಯ ತುದಿ ತರಚಿ ಕೆಂಪಾಗಿದೆ, ಬಲ ಹಿಂಗಾಲಿನ ಮೀನಖಂಡದಲ್ಲಿ ಸೀಳು. ಬೆನ್ನ ಮೇಲೆ ತಿಳಿಹಳದಿ ಗೆರೆ: ಹೋಪ್ಲೋಬಟ್ರಾಕಸ್ ಟೈಗರಿನಸ್ ಎಂಬ ಜಾತಿಯ ಕಪ್ಪೆ. ಈ ಹಿಂಗಾಲಿನ ಮಾಂಸಕ್ಕಾಗಿಯೇ ಇವನ್ನು ಹಿಡಿದು ಹೊರದೇಶಕ್ಕೆ ಕಳಿಸುತ್ತಿದ್ದರು. 1987ರಲ್ಲಿ ಆ ರಫ್ತು ನಿಂತಿತು.

ಹಿಂದಿನ ದಿನ ಬಳ್ಳಿಗೆ ಔಷಧಿ ಹೊಡೆದ ಕೈ ನನ್ನದು. ಮೊದಲು ಅದನ್ನು ಬಾವಿ ನೀರಿನಲ್ಲಿ ಮತ್ತೆ ಮತ್ತೆ ತೊಳೆದೆ, ಒದ್ದೆ ಇರುವಾಗಲೇ ಕಪ್ಪೆಯನ್ನು ಎತ್ತಿಕೊಂಡೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯಡಿಯ ಚರ್ಮದಿಂದ ಹೀರುತ್ತದೆ. ಕೈಗೆ ಅಂಟಿದ್ದೆಲ್ಲ ಅದರ ಮೈಗೂ ಇಳಿಯುತ್ತದೆ.

"ಅಣ್ಣಾರ, ಒಂದ್ ಚೂರ ಅರಿಷಿಣ ಹಚ್ರಿ, ಗಾಯ ಮಾಯ್ತದ" ಅಂದಳು ಕಳೆ ತೆಗೆಯಲು ಬಂದ ಅವ್ವ. ಮನಸ್ಸು ಒಳ್ಳೆಯದು, ಆದರೆ ಹಚ್ಚಲಿಲ್ಲ. ಅರಿಷಿಣವೂ ಬೇಡ, ಡೆಟಾಲೂ ಬೇಡ. ಬಕೀಟಿನಲ್ಲಿ ಎರಡು ಬೆರಳು ಬಾವಿ ನೀರು, ಕೂರಲು ಒಂದು ಹೆಂಚಿನ ಚೂರು, ಮೇಲೆ ಒದ್ದೆ ಬಟ್ಟೆ, ಬೇವಿನ ನೆರಳು. ದಿನಕ್ಕೊಮ್ಮೆ ನೀರು ಬದಲು.

ಎರಡು ದಿನ ಅಲುಗಲಿಲ್ಲ. ಗಂಟಲಡಿಯ ಚರ್ಮ ಮಾತ್ರ ಮಿಡಿಯುತ್ತಿತ್ತು.

ಮೂರನೇ ರಾತ್ರಿ ಬ್ಯಾಟರಿ ಹಿಡಿದು ನೋಡಿದೆ. ಬೆನ್ನು ಗೂನಾಗಿಸಿ, ಮುಂಗಾಲಿನಿಂದ ತಲೆ ಒರೆಸಿಕೊಳ್ಳುತ್ತಿದೆ. ಈರುಳ್ಳಿ ಪೊರೆಯಷ್ಟು ತೆಳ್ಳಗಿನ ಹಳೆ ಚರ್ಮ ಕಳಚಿ ಬಾಯಿಯೊಳಗೆ ಹೋಗುತ್ತಿದೆ. ಒಂದೊಂದು ಗುಟುಕಿಗೂ ಕಣ್ಣುಗುಡ್ಡೆಗಳು ಒಳಗೆ ಇಳಿದು ಆ ತುತ್ತನ್ನು ದೂಡುತ್ತವೆ. ಸೀಳಿನ ಸುತ್ತ ಮಾತ್ರ ಆ ಪೊರೆ ಹರಿದು ನಿಂತಿತ್ತು. ಉಸಿರು ಬಿಗಿಹಿಡಿದು ಕೂತಿದ್ದೆ.

ಐದನೇ ದಿನ ದೀಪಕ್ಕೆ ಬಿದ್ದ ರೆಕ್ಕೆಗೆದ್ದಲು ತಿಂದಿತು. ಒಂಬತ್ತನೇ ದಿನ ಬಕೀಟಿನ ಬಟ್ಟೆಯನ್ನೇ ಹಾರಿಸಿತು.

ಸಂಜೆ ಅದೇ ತೋಟದ ಬದುವಿನಲ್ಲಿ ಬಿಟ್ಟೆ. ಬೇರೆ ಕೆರೆಗೆ ಒಯ್ದರೆ ಚರ್ಮದ ಶಿಲೀಂಧ್ರ ರೋಗವೂ ಜೊತೆಗೆ ಹೋದೀತು. ಹೊಂಡದ ನಾಲ್ಕೂ ಮೂಲೆಗೆ ಗೋಣಿತಟ್ಟು ಇಳಿಬಿಟ್ಟು, ದಡದ ಮೇಲೆ ಕಲ್ಲು ಹೇರಿದ್ದೇನೆ. ಈ ಕೆಲಸ ಹೊಂಡ ತೋಡಿಸಿದ ದಿನವೇ ಆಗಬೇಕಿತ್ತು.

ಇವತ್ತು ಬೆಳಿಗ್ಗೆ ಬಡಗಣ ಮೂಲೆಯ ತಟ್ಟಿನ ಮೇಲೆ, ನೀರಿನಂಚಿನಿಂದ ದಡದವರೆಗೆ ಒದ್ದೆ ಗುರುತುಗಳು. ಯಾವುದೋ ಮರಿಗಪ್ಪೆಯದಿರಬೇಕು, ಬಲು ಸಣ್ಣವು.